ಏಳನೇ ಪೀಸು

ಕಾಗದವನ್ನು ಹನ್ನೊಂದು ತುಂಡು ಮಾಡಿ, ಮೊದಲನೆಯದರ ಮೇಲೆ ಏಳು ಎಂದು ಬರೆದ ಚನ್ನವೀರ ಎರಡನೆಯದನ್ನು ಎಳೆದುಕೊಂಡ. ಅದರ ಮೇಲೂ ಏಳು ಎಂದೇ ಬರೆದ. ಮೂರನೆಯದರ ಮೇಲೆ ಬರೆಯುವಾಗ ಅಂಕಿಯ ಬಾಲ ಸ್ವಲ್ಪ ಬೇರೆ ಥರ ಇರಲಿ ಅನ್ನಿಸಿತು. ಎರಡು ಚೀಟಿಗಳನ್ನು ಯಾರು ಒಟ್ಟಿಗೆ ಬಿಚ್ಚಿ ನೋಡುತ್ತಾರೆ ಎಂದುಕೊಂಡು ಮೊದಲಿನ ಹಾಗೇ ಬರೆದ. ಕಿಟಕಿಯಾಚೆ ಪುಣೆಯ ಭೋಸರಿಯ ಕೈಗಾರಿಕಾ ರಸ್ತೆಯಲ್ಲಿ ಕಬ್ಬಿಣದ ಪಟ್ಟಿ ಹೇರಿದ ಟೆಂಪೋ ಒಂದು ಹಿಮ್ಮುಖವಾಗಿ ಬರುತ್ತಿತ್ತು, ಯಾರೋ ಅದರ ಹಿಂದೆ ನಿಂತು "ಯೇವೂ ದೇ, ಯೇವೂ ದೇ" ಎಂದು ಮರಾಠಿಯಲ್ಲಿ ಕೂಗುತ್ತಾ ತಗಡು ಬಡಿಯುತ್ತಿದ್ದರು. ಹತ್ತೂಕಾಲು ಗಂಟೆ. ಹನ್ನೊಂದಕ್ಕೆ ಬೆಂಗಳೂರಿನ ಗಿರಾಕಿ ಕಂಪನಿಯಿಂದ ವಿನೀತ ಬರುತ್ತಾನೆ. ಚೀಟಿಗಳನ್ನು ಹಾಕಿದ ಹೆಲ್ಮೆಟ್ಟಿನೊಳಗೆ ಕೈಯಿಟ್ಟು ಒಂದನ್ನು ಎತ್ತುತ್ತಾನೆ. ಏಳು ಬರುತ್ತದೆ. ಏಳನೇ ಪೀಸನ್ನು ಗುಂಡಿಗೆ ಇಳಿಸಿ, ಮುಚ್ಚಳ ಬಿಗಿದು, ಒಳಗಿನ ಗಾಳಿಯನ್ನು ಹೀರಿ ತೆಗೆದು, ಅದು ಒಡೆದು ಚೂರಾಗುವ ತನಕ ತಿರುಗಿಸುತ್ತಾರೆ. ಆಮೇಲೆ ಏಳನೇ ಪೀಸು ಎಂಬುದು ಎಲ್ಲಿಯೂ ಇರುವುದಿಲ್ಲ. ಚನ್ನವೀರನಿಗೆ ಬೇಕಾದದ್ದು ಅಷ್ಟೇ. ಐದು ವಾರದಿಂದ ಅಷ್ಟೇ.

ಲ್ಯಾಬು ಅನ್ನುವುದು ದೊಡ್ಡ ಮಾತು. ತಗಡಿನ ಚಾವಣಿಯ ಶೆಡ್ಡು, ನಡುವೆ ನೆಲದೊಳಗೆ ಹೂತ ದಪ್ಪ ಉಕ್ಕಿನ ಗುಂಡಿ, ಪಕ್ಕದಲ್ಲಿ ಗಾಜಿನ ಹಿಂದೆ ಎರಡು ಕಂಪ್ಯೂಟರು, ಹಿಂಬದಿಗೆ ಸದಾ ತಣ್ಣಗಿರುವ ಅಳತೆಯ ಕೋಣೆ. ಗುಂಡಿಯ ಮುಚ್ಚಳ ಎತ್ತುವ, ಇಳಿಸುವ, ಬೋಲ್ಟು ಬಿಗಿಯುವ ಅವ್ವಣ್ಣ ಅದನ್ನು ಬಾವಿ ಎಂದು ಕರೆಯುತ್ತಿದ್ದ. ಎಂಜಿನ್ನುಗಳೊಳಗೆ ಭರದಿಂದ ತಿರುಗುವ ಚಕ್ರಗಳನ್ನು ಮಾಡಿಸುವವರು ಅವುಗಳನ್ನು ಇಲ್ಲಿಗೆ ಕಳಿಸುತ್ತಾರೆ. ಎಂಜಿನ್ನಿನಲ್ಲಿ ಅದು ನಿಮಿಷಕ್ಕೆ ಐವತ್ತೈದು ಸಾವಿರ ಸುತ್ತು ತಿರುಗುವುದಾದರೆ ಇಲ್ಲಿ ಅರವತ್ತಮೂರು ಸಾವಿರ ಸುತ್ತು ತಿರುಗಿಸಿ, ತಾಳಿತೇ ಎಂದು ನೋಡಿ, ತಾಳಿತು ಎಂದು ಬರೆದುಕೊಡುವುದು ಕೆಲಸ. ತಾಳುವುದೆಂದರೆ ಒಡೆಯದೆ ಉಳಿಯುವುದಷ್ಟೇ ಅಲ್ಲ. ತಿರುಗುವಾಗ ಲೋಹ ಹೊರಕ್ಕೆ ಹಿಗ್ಗುತ್ತದೆ, ನಿಂತ ಮೇಲೆ ಕುಗ್ಗಿ ತನ್ನ ಜಾಗಕ್ಕೆ ಬರುತ್ತದೆ, ಆದರೆ ಪೂರ್ತಿ ಬರುವುದಿಲ್ಲ. ನಡುವಿನ ತೂತು ಒಂದಿಷ್ಟು ದೊಡ್ಡದಾಗಿಯೇ ಉಳಿದುಬಿಡುತ್ತದೆ. ಐದು ಮೈಕ್ರಾನು, ಆರು ಮೈಕ್ರಾನು. ತಲೆಗೂದಲಿನ ದಪ್ಪದಲ್ಲಿ ಹತ್ತನೇ ಒಂದು ಪಾಲೂ ಇಲ್ಲ. ಹತ್ತು ಮೈಕ್ರಾನು ದಾಟಿದರೆ ಆ ಪೀಸು ಹೊರಗೆ ಹೊಳೆಯುತ್ತಿದ್ದರೂ ಒಳಗೆ ಸೋತಿದೆ ಎಂದು ಅರ್ಥ. ಅದಕ್ಕೇ ತಿರುಗಿಸುವ ಮೊದಲು ಒಮ್ಮೆ, ಆಮೇಲೆ ಒಮ್ಮೆ ಅಳೆಯುತ್ತಾರೆ. ತೊಳೆದ ಪೀಸನ್ನು ಒಂದಿಡೀ ರಾತ್ರಿ ತಣ್ಣನೆಯ ಕೋಣೆಯಲ್ಲಿ ಇಟ್ಟ ಮೇಲೆಯೇ ಅಳೆಯಬೇಕು, ಯಾಕೆಂದರೆ ಬೆಚ್ಚಗಿರುವ ಅಲ್ಯೂಮಿನಿಯಂ ಹಿಗ್ಗಿರುತ್ತದೆ. ಚನ್ನವೀರ ಕೆಲಸಕ್ಕೆ ಸೇರಿದ ದಿನವೇ ಲ್ಯಾಬಿನ ಮಾಲೀಕರಾದ ದಿಗಂಬರ ಸರ್ ಹೇಳಿದ್ದರು: "ಬಿಸಿ ಪೀಸ ಅಳೀಬ್ಯಾಡಪಾ. ಉಬ್ಬಿದ ಪೂರಿ ಅಳದು ಕಣಕದ ಲೆಕ್ಕ ಹೇಳಿದಂಗ ಆಗ್ತದ." ಅವರು ಬೆಳಗಾವಿಯವರು. ಪುಣೆಗೆ ಬಂದು ಮೂವತ್ತು ವರ್ಷವಾಗಿತ್ತು. ಸಿಟ್ಟು ಮರಾಠಿಯಲ್ಲಿ ಬರುತ್ತಿತ್ತು, ಬುದ್ಧಿಮಾತು ಕನ್ನಡದಲ್ಲಿ.

ಐದು ವಾರದ ಹಿಂದಿನ ಆ ಬುಧವಾರ ಹನ್ನೊಂದರಲ್ಲಿ ಹತ್ತು ಪೀಸುಗಳು ತಣ್ಣಗಾಗಿದ್ದವು. ಏಳನೆಯದರ ತೂತಿನ ಅಂಚಿನಲ್ಲಿ ಕಲೆಯೊಂದು ಉಳಿದಿತ್ತೆಂದು ಅವ್ವಣ್ಣ ಅದನ್ನು ಮತ್ತೆ ಬಿಸಿನೀರಿನ ತೊಟ್ಟಿಗೆ ಹಾಕಿದ್ದ. ಅವ್ವಣ್ಣ ಹಾಗೆಯೇ, ಕಲೆ ಕಂಡರೆ ಬಿಡುವವನಲ್ಲ. ಒಂದೂವರೆಗೆ ಕೈಗವಸಿನಲ್ಲಿ ಹಿಡಿದು ತಂದು, "ಇನ್ನೂ ಬೆಚ್ಚಗ ಅದರಿ ಸರ. ನಾಳಿ ಮುಂಜಾನಿ ಅಳೀರಿ" ಎಂದ. ಮರುದಿನ ಬೆಳಿಗ್ಗೆ ಗುಂಡಿ ಈ ಪೀಸುಗಳಿಗೆಂದೇ ಖಾಲಿ ಇತ್ತು, ಅಷ್ಟರೊಳಗೆ ಹನ್ನೊಂದರ ಅಳತೆಯೂ ಮುಗಿದಿರಬೇಕಿತ್ತು. ಮೂರೂವರೆಗೆ ಚನ್ನವೀರ ಬೇರೊಂದು ಕೆಲಸದ ಸಂದರ್ಶನಕ್ಕೆ ವಿಮಾನ ನಗರದಲ್ಲಿ ಇರಬೇಕಿತ್ತು. "ತಣ್ಣಗಾಗೇದ ಬಿಡ್ರಿ, ತರ್ರಿ ಇಲ್ಲೆ" ಎಂದು ಇಸಿದುಕೊಂಡ. ಇಸಿದುಕೊಂಡಾಗ ಅದು ಎಷ್ಟು ಬೆಚ್ಚಗಿತ್ತು? ಐದು ವಾರದಿಂದ ಅಂಗೈಯನ್ನು ಮುಷ್ಟಿ ಮಾಡಿ ಬಿಚ್ಚಿ ಅದನ್ನೇ ನೆನಪು ಮಾಡಿಕೊಳ್ಳಲು ನೋಡುತ್ತಿದ್ದ. ಬಸ್ಸಿನಲ್ಲಿ ಕಂಬಿ ಹಿಡಿದಾಗ, ಚಹಾದ ಗ್ಲಾಸು ಹಿಡಿದಾಗ, ಇಷ್ಟೇ? ಇದಕ್ಕಿಂತ ಹೆಚ್ಚೇ? ಕೈಗೆ ನೆನಪಿರಲಿಲ್ಲ. ವಿಮಾನ ನಗರದ ಆ ಗಾಜಿನ ಕಟ್ಟಡದ ಏಳನೇ ಮಹಡಿ ಮಾತ್ರ ಎಲ್ಲ ವಿವರದೊಂದಿಗೆ ನೆನಪಿತ್ತು. ಎರಡು ಗಂಟೆ ಕೂರಿಸಿದ್ದರು. ಕೊರಳಿಗೆ ಹಾಕಿಕೊಳ್ಳಲು ಕೊಟ್ಟ ಬಿಲ್ಲೆಯ ಮೇಲೆ ಚಾನ್ವಿರ್ ಎಂದು ಇಂಗ್ಲಿಷಿನಲ್ಲಿ ತಪ್ಪಾಗಿ ಬರೆದಿತ್ತು. ಅದನ್ನು ತಿದ್ದಿಸಲು ಧೈರ್ಯವಾಗದೆ ಇಡೀ ಹೊತ್ತು ಚಾನ್ವಿರ್ ಆಗಿ ಕುಳಿತಿದ್ದ. ಒಳಗೆ ಶರ್ವರಿ ಎಂಬ ಹೆಂಗಸು, ಅವನಿಗಿಂತ ಎರಡು ವರ್ಷ ಚಿಕ್ಕವಳೇ ಇರಬಹುದು, ಕಂಪ್ಯೂಟರಿನಿಂದ ತಲೆಯೆತ್ತಿ, "ಅಂದರೆ ನೀವು ಚಕ್ರವನ್ನು ತಿರುಗಿಸುತ್ತೀರಿ, ಆಮೇಲೆ ನೋಡುತ್ತಾ ಕೂರುತ್ತೀರಿ, ಹೌದಲ್ಲ?" ಎಂದು ಹಿಂದಿಯಲ್ಲಿ ಕೇಳಿ ನಕ್ಕಿದ್ದಳು. ಅವಳ ಪಕ್ಕದವನೂ ನಕ್ಕಿದ್ದ. ಚನ್ನವೀರನೂ ನಕ್ಕಿದ್ದ. ಎಲ್ಲಕ್ಕಿಂತ ಜೋರಾಗಿ ನಕ್ಕದ್ದು ತಾನೇ ಎಂಬುದು ಲಿಫ್ಟಿನಲ್ಲಿ ಇಳಿಯುವಾಗ ಹೊಳೆದಿತ್ತು. ಒಂಬತ್ತು ನಿಮಿಷದ ಸಂದರ್ಶನ. ಅದಕ್ಕಾಗಿ ದಿಗಂಬರ ಸರ್‌ಗೆ ಅವ್ವನ ಕಣ್ಣು ತೋರಿಸಬೇಕು ಎಂದು ಸುಳ್ಳು ಹೇಳಿ ಅರ್ಧ ದಿನ ರಜೆ ಪಡೆದಿದ್ದ. ಅವ್ವ ಕುಂದಗೋಳದಲ್ಲಿ ಎರಡೂ ಕಣ್ಣಿನಿಂದ ಚೆನ್ನಾಗಿಯೇ ನೋಡುತ್ತಿದ್ದಳು. ಸರ್ ಅಂದಿನಿಂದ ವಾರಕ್ಕೆ ಎರಡು ಸಲವಾದರೂ, "ಅವ್ವಾರ ಕಣ್ಣು ಹ್ಯಾಂಗ ಅದಪಾ? ಸದಾಶಿವ ಪೇಟದಾಗ ನಮ್ಮ ಪರಿಚಯದ ಡಾಕ್ಟರ್ ಇದ್ದಾರ ನೋಡು" ಎನ್ನುತ್ತಿದ್ದರು.

ಶುಕ್ರವಾರ, ತಿರುಗಿಸಿ ಮುಗಿದ ಪೀಸುಗಳೆಲ್ಲ ರಾತ್ರಿಯಿಡೀ ತಣ್ಣಗಾದ ಮೇಲೆ, ಮತ್ತೆ ಅಳೆದ. ಒಂದು, ಐದು ಮೈಕ್ರಾನು ದೊಡ್ಡದಾಗಿತ್ತು. ಎರಡು, ಆರು. ಮೂರು, ಐದು. ಏಳನೆಯದು ನಾಲ್ಕು ಮೈಕ್ರಾನು ಚಿಕ್ಕದಾಗಿತ್ತು. ಮತ್ತೆ ಅಳೆದ. ನಾಲ್ಕು ಚಿಕ್ಕದು. ಈ ಗುಂಡಿಯಲ್ಲಿ ತಿರುಗಿ ಬಂದ ಯಾವ ಚಕ್ರದ ತೂತೂ ಚಿಕ್ಕದಾಗಿ ಬಂದದ್ದಿಲ್ಲ. ಚಿಕ್ಕದಾಗುವುದಕ್ಕೆ ಆಗುವುದೇ ಇಲ್ಲ. ಅಂದರೆ ಮೊದಲ ಅಳತೆಯೇ ಬಿಸಿಯ ಅಳತೆ. ಅದು ಬಿಸಿಯಲ್ಲಿ ಎಷ್ಟು ಹಿಗ್ಗಿತ್ತೋ ಗೊತ್ತಿಲ್ಲ, ಆದ್ದರಿಂದ ತಿರುಗುವಾಗ ಎಷ್ಟು ಸೋತಿತೋ ಗೊತ್ತಿಲ್ಲ. ಅಂದು ಅದರ ಮೈ ಮೂವತ್ತೈದು ಡಿಗ್ರಿ ಇದ್ದರೆ ಆರು ಮೈಕ್ರಾನು ಬೆಳೆದಿದೆ, ಗಟ್ಟಿ ಇದೆ. ನಲವತ್ತೈದು ಇದ್ದರೆ ಹದಿಮೂರು, ಎಸೆಯಬೇಕು. ಇನ್ನೊಮ್ಮೆ ಅಳೆಯೋಣವೆಂದರೆ ತಿರುಗುವ ಮೊದಲಿನ ಆ ತೂತು ಈಗ ಎಲ್ಲಿದೆ? ಅವನು ಹೋಗಿ ಹೇಳಿದ್ದರೆ ಸರ್ ಮರಾಠಿಯಲ್ಲಿ ನಾಲ್ಕು ಮಾತು ಬೈದು, ಒಂದು ಪೀಸು ಹಾಳಾಯಿತು ಎಂದು ಬರೆದು, ಮಧ್ಯಾಹ್ನದ ಹೊತ್ತಿಗೆ ಮರೆಯುತ್ತಿದ್ದರು. ಅಷ್ಟೇ ಆಗುತ್ತಿತ್ತು. ಆದರೆ ಬೈಯುವ ಮೊದಲು, ಅಷ್ಟು ಅವಸರ ಏನಿತ್ತೋ ಬುಧವಾರ, ಎಂದು ಕೇಳುತ್ತಿದ್ದರು. ಚನ್ನವೀರ ಮೊದಲ ಅಳತೆಯನ್ನು ಅಳಿಸಿ, ಬೆಳವಣಿಗೆ ಮೂರು ಮೈಕ್ರಾನು ಬರುವ ಹಾಗೆ ಇನ್ನೊಂದು ಅಂಕಿ ಹಾಕಿದ. ಐದು ಬರುವ ಹಾಗೆ ಹಾಕಬಹುದಿತ್ತು. ಹೆದರಿದವನು ಯಾವಾಗಲೂ ಒಂದು ಹೆಜ್ಜೆ ಹೆಚ್ಚೇ ಹಿಂದೆ ಸರಿಯುತ್ತಾನೆ.

"ಮಡಚ್ಲೇನ್ರಿ ಸರ?"

ಅವ್ವಣ್ಣ ಬಾಗಿಲಲ್ಲಿ ನಿಂತಿದ್ದ. ಅವನ ಕೈಯಲ್ಲಿ ಹಳದಿ ಹೆಲ್ಮೆಟ್ಟು. ಯಾದಗಿರಿ ಕಡೆಯವನು, ಇಪ್ಪತ್ತು ವರ್ಷದ ಹಿಂದೆ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದು, ಎಂಟು ವರ್ಷದ ಹಿಂದೆ ಇದೇ ಶೆಡ್ಡಿಗೆ ಗುಂಡಿ ತೋಡಲು ಬಂದವನು ತೋಡಿದ ಗುಂಡಿಯ ಬಳಿಯೇ ಉಳಿದಿದ್ದ. ಹಾಗಿದ್ದರೂ ಇವತ್ತಿಗೂ ಕಾಂಟ್ರ್ಯಾಕ್ಟರನ ಆಳು. ಎಷ್ಟು ವೇಗಕ್ಕೆ ಒಡೆಯುತ್ತದೆಂದು ತಿಳಿಯಲು ಒಟ್ಟಿಗೆ ಬಂದ ಒಂದು ಲಾಟಿನಲ್ಲಿ ಯಾವ ಪೀಸನ್ನು ಒಡೆಯಬೇಕು ಎಂಬುದನ್ನು ಗಿರಾಕಿಯೂ ನೋಡಿ ಆರಿಸಬಾರದು, ಲ್ಯಾಬಿನವರೂ ಆರಿಸಬಾರದು ಎಂದು ದಿಗಂಬರ ಸರ್ ಹಿಂದೆಂದೋ ಆದ ಜಗಳದ ನಂತರ ಈ ಚೀಟಿಯ ಪದ್ಧತಿ ಮಾಡಿದ್ದರು. ಬರೆಯುವುದು ಚನ್ನವೀರ, ಮಡಚಿ ಹೆಲ್ಮೆಟ್ಟಿಗೆ ಹಾಕಿ ಹಿಡಿದು ನಿಲ್ಲುವುದು ಅವ್ವಣ್ಣ. ಚನ್ನವೀರ ಅದನ್ನು ಮರೆತಿದ್ದ. ಎಲ್ಲವನ್ನೂ ಯೋಚಿಸಿದವನು ಅದನ್ನು ಮರೆತಿದ್ದ.

"ಇವತ್ತು ನಾನ ಮಡಚ್ತೀನಿ ಬಿಡ್ರಿ."

"ನೀವು ಮಡಚಿದ್ರ ಬಿಚ್ಚಾಕ ಬರಂಗಿಲ್ರಿ. ಹುಡುಗಿಗಿ ಚಿಟ್ಟಿ ಕಳಿಸೋರಂಗ ಮಡಚ್ತೀರಿ," ಎಂದು ನಗುತ್ತಾ ಅವ್ವಣ್ಣ ಸ್ಟೂಲು ಎಳೆದುಕೊಂಡು ಕೂತೇಬಿಟ್ಟ.

ಮೊದಲನೆಯದನ್ನು ತೆಗೆದುಕೊಂಡು ಎರಡು ಮಡಿಕೆ ಮಾಡಿ ಹೆಬ್ಬೆರಳ ಉಗುರಿನಿಂದ ತೀಡಿದ. ಎರಡನೆಯದು. ಮೂರನೆಯದನ್ನು ಎತ್ತಿದಾಗ ಹೆಬ್ಬೆರಳು ನಿಂತಿತು. ಅವ್ವಣ್ಣ ಶಾಲೆಗೆ ಹೆಚ್ಚು ಹೋದವನಲ್ಲ, ಆದರೆ ಎಂಟು ವರ್ಷದಿಂದ ಬೋಲ್ಟಿನ ತಲೆಯ ಮೇಲಿನ ಅಂಕಿ, ಪೀಸಿನ ಬೆನ್ನ ಮೇಲೆ ಕೊರೆದ ಅಂಕಿ ಎಲ್ಲ ಓದುತ್ತಿದ್ದ. ಚನ್ನವೀರ ಕಿಟಕಿಯ ಕಡೆ ನೋಡಿದ. ಟೆಂಪೋ ಹೋಗಿತ್ತು. ಈಗ ಅವನು ಕೇಳುತ್ತಾನೆ, ಇದೇನ್ರಿ ಎನ್ನುತ್ತಾನೆ. ಕೇಳಿದರೆ ಹೇಳಿಬಿಡುತ್ತೇನೆ, ಎಲ್ಲ ಹೇಳಿಬಿಡುತ್ತೇನೆ, ಇವನೊಬ್ಬನಿಗೆ ಹೇಳಿದರೆ ಏನಾಗುತ್ತದೆ, ಎಂದುಕೊಂಡ. ಉಗುರು ಕಾಗದದ ಮೇಲೆ ಮತ್ತೆ ಸರಿಯುವ ಸದ್ದು ಕೇಳಿಸಿತು. ನಾಲ್ಕು, ಐದು, ಆರು. ಅವ್ವಣ್ಣ ಒಂದನ್ನೂ ಬಿಡದೆ ಹನ್ನೊಂದನ್ನೂ ಮಡಚಿ ಹೆಲ್ಮೆಟ್ಟಿಗೆ ಹಾಕಿ ಎದ್ದ.

"ಹುಲಿಗೆವ್ವ ಪುಂಡಿಪಲ್ಯ ಕಳಿಸ್ಯಾಳ್ರಿ, ರೊಟ್ಟಿನೂ ಅದಾವು. ಮಧ್ಯಾನ್ಕ ಹೊರಗ ತಿನ್ನಾಕ ಹೋಗಬ್ಯಾಡ್ರಿ," ಎಂದು ಹೇಳಿ ಹೋದ.

ಇಬ್ಬರೇ ಇದ್ದಾಗ ಚನ್ನವೀರ ಅವನಿಗೆ ಬರ್ರಿ, ಕೂಡ್ರಿ ಎನ್ನುತ್ತಿದ್ದ. ಸರ್ ಎದುರಿಗೆ ಬಾ, ತಗೊಂಡು ಬಾ. ಮೊದಲ ತಿಂಗಳು ಎಲ್ಲರೆದುರಿಗೂ ಬರ್ರಿ ಎಂದೇ ಅನ್ನುತ್ತಿದ್ದ. ಒಮ್ಮೆ ಸರ್, "ಏನಪಾ, ನಿನ್ನ ಮಾವ ಏನು ಅವ?" ಎಂದು ತಮಾಷೆ ಮಾಡಿದ ಮೇಲೆ ಬದಲಾಗಿತ್ತು. ಅವ್ವಣ್ಣ ಅದನ್ನು ಗಮನಿಸಿದ್ದನೋ ಇಲ್ಲವೋ. ಗಮನಿಸದೆ ಇರಲು ಅವನೇನು ಕಿವುಡನೇ? ಮಂಗಳವಾರಗಳಂದು ಹೆಂಡತಿ ಹುಲಿಗೆವ್ವನ ಕೈಯಡುಗೆ ತರುವುದನ್ನು ಮಾತ್ರ ಅವನು ನಿಲ್ಲಿಸಿರಲಿಲ್ಲ.

ವಿನೀತ ಹನ್ನೊಂದಕ್ಕೆ ಐದು ನಿಮಿಷ ಮೊದಲೇ ಬಂದ. ಚನ್ನವೀರನದೇ ವಯಸ್ಸು, ಕೈ ಕುಲುಕಿದ ಮೇಲೆ ಬೇಗ ಬಿಡುವವನಲ್ಲ. ಐದು ವಾರದಲ್ಲಿ ಫೋನಿನಲ್ಲಿ ಮಾತಾಡಿದಾಗಲೆಲ್ಲ ಈ ಮನುಷ್ಯ ಸ್ವಲ್ಪ ಕೆಟ್ಟವನಾಗಿರಬಾರದಿತ್ತೇ ಎಂದು ಚನ್ನವೀರನಿಗೆ ಅನ್ನಿಸಿತ್ತು. "ಫಸ್ಟ್ ಎಂಜಿನ್ ಮುಂದಿನ ತಿಂಗಳು ಓಡಿಸ್ತಾ ಇದೀವಿ ಸರ್," ಎಂದು ವಿನೀತ ಚಹಾ ಕುಡಿಯುತ್ತಾ ದಿಗಂಬರ ಸರ್‌ಗೆ ಹೇಳುತ್ತಿದ್ದ. "ಸಣ್ಣ ಟರ್ಬೈನು, ಜನರೇಟರ್‌ಗೆ. ನಮ್ಮದು ಇನ್ನೂ ಸರಿಯಾದ ಟೆಸ್ಟ್ ರೂಮ್ ಕೂಡ ಇಲ್ಲ, ಪಾರ್ಟಿಷನ್ ಹಾಕ್ಕೊಂಡು ಮಾಡ್ತಿದೀವಿ. ನಾನೇ ಪಕ್ಕದಲ್ಲಿ ನಿಂತ್ಕೊಂಡು ಸ್ಟಾರ್ಟ್ ಮಾಡ್ಬೇಕು. ನಮ್ಮನೇಲಿ ಹೆಂಡ್ತಿ ಬೈತಾ ಇದಾಳೆ." ಸರ್ ನಕ್ಕರು. ಆ ಎಂಜಿನ್ನಿನ ಹೊರಕವಚ ಎಷ್ಟು ದಪ್ಪ ಎಂದು ಚನ್ನವೀರ ಕೇಳಬೇಕೆಂದಿದ್ದ, ಕೇಳಲಿಲ್ಲ. ಕೇಳುವ ಅಗತ್ಯವೇನು, ಇನ್ನು ಹತ್ತು ನಿಮಿಷದಲ್ಲಿ ಏಳು ಗುಂಡಿಗೆ ಹೋಗುತ್ತದೆ. ಗುಂಡಿಯ ಉಕ್ಕು ಒಂದು ಗೇಣು ದಪ್ಪ ಇದೆ.

ಅವ್ವಣ್ಣ ಹೆಲ್ಮೆಟ್ಟನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದ. "ಹಾಕ್ರಿ ಕೈ," ಎಂದರು ಸರ್. "ಮದುವ್ಯಾಗ ಕೊಡದಾಗ ಉಂಗುರ ಹುಡುಕಿದಂಗ ಹುಡುಕಬ್ಯಾಡ್ರಿ, ಸಿಕ್ಕದ್ದು ತಗೀರಿ." ವಿನೀತ ಕಣ್ಣು ಮುಚ್ಚಿಕೊಂಡು ಒಂದನ್ನು ತೆಗೆದು ಬಿಚ್ಚಿದ. "ಏಳು," ಎಂದ. ಚನ್ನವೀರನ ಬೆನ್ನಿನಲ್ಲಿ, ಎರಡು ರೆಕ್ಕೆಯೆಲುಬುಗಳ ನಡುವೆ, ಐದು ವಾರದಿಂದ ಗಂಟಾಗಿದ್ದ ಏನೋ ಒಂದು ಬಿಚ್ಚಿಕೊಂಡಿತು. ಕಣ್ಣಿಗೆ ನೀರು ಬರುವಷ್ಟು ಸುಖವಾಯಿತು. ಶೆಡ್ಡಿನ ತಗಡು, ಕಪ್ಪಿನಲ್ಲಿ ಉಳಿದ ಚಹಾದ ಕೆನೆ, ಸರ್ ಹಣೆಯ ಗಂಧ ಎಲ್ಲವೂ ಒಮ್ಮೆಗೇ ಸ್ಪಷ್ಟವಾಗಿ ಕಂಡವು. ಮಧ್ಯಾಹ್ನ ಎರಡು ರೊಟ್ಟಿ ಹೆಚ್ಚೇ ತಿನ್ನಬೇಕು ಅಂದುಕೊಂಡ.

"ಸರ್, ಒಂದು ಸ್ಪೇರ್ ಇರ್ಲಿ," ಎಂದ ವಿನೀತ. "ತಿರುಗ್ತಾ ತಿರುಗ್ತಾ ನಿಮ್ಮ ಸ್ಪಿಂಡಲ್ಲೇ ಕಟ್ಟಾದ್ರೆ ಚೀಟಿ ಎತ್ತೋಕೆ ಮತ್ತೆ ಬೆಂಗಳೂರಿಂದ ಬರಬೇಕಾಗತ್ತೆ." ಯಾರೂ ಹೂಂ ಎನ್ನುವ ಮೊದಲೇ ಅವನ ಕೈ ಹೆಲ್ಮೆಟ್ಟಿನೊಳಗೆ ಹೋಗಿ ಬಂದಿತ್ತು. ಬಿಚ್ಚಿದ. ನಕ್ಕ. ಎಡಗೈಯಲ್ಲಿದ್ದ ಮೊದಲ ಚೀಟಿಯನ್ನು ನೋಡಿಕೊಂಡ. ನಗು ನಿಂತಿತು. ಅವ್ವಣ್ಣನ ಕೈಯಿಂದ ಹೆಲ್ಮೆಟ್ಟು ತೆಗೆದುಕೊಂಡು ಮೇಜಿನ ಮೇಲೆ ಬೋರಲು ಹಾಕಿ, ಒಂದೊಂದನ್ನೇ, ಅವಸರವಿಲ್ಲದೆ, ಬಿಚ್ಚಿ ಸಾಲಾಗಿ ಇಟ್ಟ. ಒಂಬತ್ತು ಏಳುಗಳು. ಕೈಯಲ್ಲಿದ್ದ ಎರಡನ್ನೂ ಸಾಲಿಗೆ ಸೇರಿಸಿದ.

"ಹೇ ಕಾಯ್ ರೇ?" ಎಂದರು ದಿಗಂಬರ ಸರ್. ಆಮೇಲೆ ಕನ್ನಡದಲ್ಲಿ, ಮೆಲ್ಲಗೆ, "ಯಾರ ಕೆಲಸ ಇದು?"

"ನಾನ ಮಡಚೀನ್ರಿ ಸರ," ಎಂದ ಅವ್ವಣ್ಣ.

"ಮಡಚಿದ್ದು ಕೇಳಲಿಲ್ಲ ನಾ. ಬರದದ್ದು ಯಾರು?"

ಅವ್ವಣ್ಣ ಚನ್ನವೀರನ ಕಡೆ ನೋಡಲಿಲ್ಲ. ನೋಡಿದ್ದರೆ ಏನಾಗುತ್ತಿತ್ತೋ. ಚನ್ನವೀರ ತನ್ನ ಧ್ವನಿಯನ್ನು ಪಕ್ಕದ ಕೋಣೆಯಿಂದ ಬಂದಂತೆ ಕೇಳಿಸಿಕೊಂಡ: "ಸರ್, ನಾ ಒಂದ ಚೀಟಿ ಬರದು ತೋರಿಸಿದ್ದೆ. ಉಳದದ್ದು ಹಿಂಗ ಬರಿ ಅಂತ ಅವಗ ಹೇಳಿದ್ದೆ. ಅವ ಅದನ್ನ ನೋಡಿಕೊಂತ..." ಅವಗ, ಅವ. ಎಷ್ಟು ಸಲೀಸಾಗಿ ಬಂತು. ಸುಳ್ಳು ಎಷ್ಟು ಚೆನ್ನಾಗಿ ಕೂತಿತೆಂದರೆ ಅದನ್ನು ಹೇಳಿದ ಚನ್ನವೀರನಿಗೇ ಒಂದು ಕ್ಷಣ ಆ ಚಿತ್ರ ಕಣ್ಣಿಗೆ ಕಟ್ಟಿತು: ಅವ್ವಣ್ಣ ನಾಲಿಗೆ ಕಚ್ಚಿಕೊಂಡು ಏಳನ್ನು ನೋಡಿ ನೋಡಿ ಏಳನ್ನು ಬರೆಯುತ್ತಿರುವುದು. ಸರ್ ಹಣೆ ಬಡಿದುಕೊಂಡು ನಕ್ಕುಬಿಟ್ಟರು. ವಿನೀತನೂ ನಕ್ಕ. ನಗುತ್ತಲೇ ಕೂತು ಲ್ಯಾಪ್‌ಟಾಪು ತೆರೆದು, ಐದು ವಾರದ ಹಿಂದೆ ಇಲ್ಲಿಂದ ಹೋದ ವರದಿಯನ್ನು ತೆಗೆದು ಬೆರಳಿಟ್ಟು ಕೆಳಗೆ ಸರಿಸಿದ.

"ಏಳನೇದು ಮೂರೇ ಮೈಕ್ರಾನ್," ಎಂದ. "ಇಡೀ ಲಾಟಲ್ಲಿ ಇದೇ ಕಡಿಮೆ. ಬೆಸ್ಟ್ ಪೀಸು."

"ಇರಬಹುದು. ಅದಕ್ಕೇನು?" ಎಂದರು ಸರ್.

"ಬೇಜಾರ್ ಮಾಡ್ಕೋಬೇಡಿ ಸರ್. ಪೀಸ್ ಮಾಡ್ಕೊಟ್ಟಿರೋರೂ ಪುಣೆಯವರೇ, ನಿಮಗೂ ದಿನಾ ಬೇಕಾದವರೇ. ಗಟ್ಟಿ ಪೀಸ್ ಒಡೆದು ತೋರಿಸಿದ್ರೆ ಲಾಟೆಲ್ಲ ಗಟ್ಟಿ ಅನ್ಸತ್ತೆ. ನಿಮ್ಮ ಜಾಗದಲ್ಲಿದ್ರೆ ನಾನೂ ಮಾಡ್ತಿದ್ನೇನೋ." ಅವನು ಒಳ್ಳೆಯವನಾಗಿಯೇ ಮಾತಾಡುತ್ತಿದ್ದ. ಎದ್ದು ಮರದ ಪೆಟ್ಟಿಗೆಯ ಹತ್ತಿರ ಹೋಗಿ ಬಗ್ಗಿ, ಮೂರನೆಯದರ ಮೇಲೆ ಕೈಯಿಟ್ಟ. "ಇದನ್ನ ಒಡೀರಿ. ಏಳನ್ನ ನಾನೇ ತಗೊಂಡು ಹೋಗ್ತೀನಿ, ಫಸ್ಟ್ ಎಂಜಿನ್‌ಗೆ ಅದನ್ನೇ ಕೂಡಿಸ್ತೀನಿ. ಪಕ್ಕದಲ್ಲಿ ನಿಲ್ಲೋನು ನಾನಲ್ವಾ, ಬೆಸ್ಟ್ ಪೀಸೇ ಇರಲಿ."

ದಿಗಂಬರ ಸರ್ ಮುಖ ಕೆಂಪಾಗಿ, ಕಪ್ಪಾಗಿ, ಮತ್ತೆ ಮೊದಲಿನಂತಾಯಿತು. ಗಿರಾಕಿಯ ಮೇಲೆ ಸಿಟ್ಟು ಮಾಡುವ ಹಾಗಿಲ್ಲ. ಅವರು ತಿರುಗಿ, "ಅವ್ವಣ್ಣ, ನಾಳಿಂದ ಬರಬ್ಯಾಡ ನೀ. ಕಾಂಟ್ರ್ಯಾಕ್ಟರಗ ನಾ ಹೇಳ್ತೀನಿ," ಎಂದರು, ವಿನೀತನಿಗೆ ಕೇಳಿಸಬೇಕಾದಷ್ಟು ಜೋರಾಗಿ.

"ಹೂಂನ್ರಿ," ಎಂದ ಅವ್ವಣ್ಣ. ಮೇಜಿನ ಮೇಲಿನ ಚೀಟಿಗಳನ್ನು ಗುಡ್ಡೆ ಮಾಡಿ ಮುಷ್ಟಿಯಲ್ಲಿ ಹಿಡಿದು, ಎಲ್ಲಿ ಎಸೆಯಬೇಕೆಂದು ತಿಳಿಯದವನಂತೆ ಹಾಗೇ ನಿಂತ.

ಹೇಳಬೇಕಾದ ಮಾತು ಚಿಕ್ಕದಿತ್ತು. ಸರ್, ಏಳನೇ ಪೀಸಿನ ಮೊದಲ ಅಳತೆ ಸುಳ್ಳು. ಚನ್ನವೀರ ಅದನ್ನು ಕನ್ನಡದಲ್ಲಿ, ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಎಷ್ಟೋ ಸಲ ಜೋಡಿಸಿಟ್ಟಿದ್ದ. ಧಾರವಾಡದ ಹಾಸ್ಟೆಲ್ಲಿನ ಲೈಬ್ರರಿಯಲ್ಲಿ, ಕಿಟಕಿ ಮುರಿದ ಮೂಲೆಯಲ್ಲಿ ಕೂತು ಓದಿದ ಕಾದಂಬರಿಗಳಲ್ಲಿ ಜನ ತಪ್ಪೊಪ್ಪಿಕೊಳ್ಳುತ್ತಿದ್ದರು, ಪುಟಗಟ್ಟಲೆ ಒಪ್ಪಿಕೊಳ್ಳುತ್ತಿದ್ದರು. ಒಪ್ಪಿಕೊಂಡ ಮರುದಿನ ಬೆಳಿಗ್ಗೆ ಅವರು ಎದ್ದು ಯಾವ ಬಸ್ಸು ಹಿಡಿದರು, ಯಾರ ಮುಖ ನೋಡಿದರು ಎಂದು ತಿಳಿಯಲು ಅವನು ಬೇಗ ಬೇಗ ಹಾಳೆ ತಿರುವುತ್ತಿದ್ದ. ಅಷ್ಟರಲ್ಲಿ ಪುಸ್ತಕವೇ ಮುಗಿದಿರುತ್ತಿತ್ತು. ಈಗ ಹೇಳಿದರೆ ಚೀಟಿಯ ಸುಳ್ಳು ಹೇಳಬೇಕು, ಅದರ ಹಿಂದಿನ ಅಳತೆಯ ಸುಳ್ಳು ಹೇಳಬೇಕು, ಅದರ ಹಿಂದಿನ ಅವ್ವನ ಕಣ್ಣಿನ ಸುಳ್ಳು ಹೇಳಬೇಕು, ಅದರ ಹಿಂದೆ ಒಬ್ಬಳು ನಕ್ಕದ್ದನ್ನು, ತಾನೂ ನಕ್ಕದ್ದನ್ನು. ಎಲ್ಲಿ ಶುರು ಮಾಡುವುದೆಂದು ನೋಡುತ್ತಿರುವಾಗಲೇ ಸರ್ ಏಳನೇ ಪೀಸನ್ನು ಪೆಟ್ಟಿಗೆಯಿಂದ ಎತ್ತಿ ಅವನ ಕೈಗೆ ಕೊಟ್ಟಾಗಿತ್ತು. "ಹೋಗು, ಅವರ ಕಾರಿನಾಗ ಇಟ್ಟು ಬಾ. ಡಿಕ್ಕಿಯೊಳಗ ಫೋಮಿನ ಡಬ್ಬಿ ಅದ ಅಂತ."

ಅದು ಎರಡು ಕಿಲೋ ಇದ್ದೀತು. ಅಗಲ ಒಂದು ಊಟದ ತಟ್ಟೆಯಷ್ಟು, ಸುತ್ತ ತೆಳ್ಳನೆಯ ಬಾಗಿದ ಎಲೆಗಳು. ಈಗ ತಣ್ಣಗಿತ್ತು. ಅವ್ವಣ್ಣ ಚೀಟಿಗಳನ್ನು ಜೇಬಿಗೆ ಹಾಕಿಕೊಂಡು, ಇವತ್ತಿನ ಮಟ್ಟಿಗೆ ಕೆಲಸ ಇನ್ನೂ ತನ್ನದೇ ಎಂಬಂತೆ, ಮುಂದೆ ಹೋಗಿ ಶೆಡ್ಡಿನ ಬಾಗಿಲು ತೆರೆದು ಹಿಡಿದ. ಹೊರಗೆ ಬಿಸಿಲು ಬಿಳಿಚಿಕೊಂಡಿತ್ತು. ಬಾಗಿಲಿನಿಂದ ಕಾರಿಗೆ ಇಪ್ಪತ್ತು ಹೆಜ್ಜೆ, ಪೂರ್ತಿ ಕಾಂಕ್ರೀಟು. ಮೂರನೇ ಹೆಜ್ಜೆಗೆ ಚನ್ನವೀರನಿಗೆ ಅದು ಹೊಳೆಯಿತು. ನೆಲಕ್ಕೆ ಬಿದ್ದ ಪೀಸು ಪೀಸೇ ಅಲ್ಲ. ಅದಕ್ಕೆ ಅಳತೆ ಬೇಡ, ವರದಿ ಬೇಡ, ವಾದ ಬೇಡ. ಎಲೆ ಮುರಿಯದಿದ್ದರೂ, ಗೀರು ಕಾಣದಿದ್ದರೂ ಕೆಂಪು ಬಣ್ಣ ಬಳಿದು ಎಸೆಯುತ್ತಾರೆ; ಈ ಧಂದೆಯ ಯಾವ ಮನುಷ್ಯನೂ ಬಿದ್ದ ಚಕ್ರವನ್ನು ಎಂಜಿನ್ನಿಗೆ ಹಾಕುವುದಿಲ್ಲ. ಕೈ ಜಾರಿತು ಎಂದರೆ ಮುಗಿಯಿತು. ಯಾರ ಕೈ ಜಾರುವುದಿಲ್ಲ? ಬೈಯುತ್ತಾರೆ. ಬೈಯಲಿ. ಇಷ್ಟು ಸುಲಭದ ದಾರಿ ಐದು ವಾರದಿಂದ ಕಣ್ಣೆದುರಿಗೇ ಇತ್ತಲ್ಲ, ದಿನವೂ ಪೆಟ್ಟಿಗೆಯ ಪಕ್ಕದಲ್ಲೇ ಓಡಾಡಿದೆನಲ್ಲ ಎಂದು ಅವನಿಗೆ ನಗು ಬಂತು. ಎಂಟು ಹೆಜ್ಜೆ. ಅವ್ವಣ್ಣ ಈಗ ಡಿಕ್ಕಿ ತೆರೆಯಲೆಂದು ಬಂದು ಅವನ ಪಕ್ಕದಲ್ಲೇ ನಡೆಯುತ್ತಿದ್ದ. ವಿನೀತ ಹಿಂದೆ, ಫೋನಿನಲ್ಲಿ. ಹನ್ನೆರಡು. ಎಡವಿದಂತೆ ಮಾಡಬೇಕು ಎಂದುಕೊಂಡಿದ್ದ. ಎಡವಲು ಮರೆತ. ಸುಮ್ಮನೆ ನಡೆಯುತ್ತಾ ನಡೆಯುತ್ತಾ ಹತ್ತೂ ಬೆರಳುಗಳನ್ನು ಬಿಚ್ಚಿದ.

"ಜ್ವಾಕಿರಿ ಸರ!"

ಅವ್ವಣ್ಣ ಬಗ್ಗಲಿಲ್ಲ, ಕುಸಿದ. ಎರಡೂ ಮೊಣಕಾಲು ಕಾಂಕ್ರೀಟಿಗೆ ಬಡಿದ ಸದ್ದು ಮೊದಲು ಬಂತು. ಅವನ ಬಲಗೈ ಪೀಸಿನ ಕೆಳಗೆ ಸೇರಿತ್ತು, ಎಡಗೈ ಮೇಲಿನಿಂದ ಒತ್ತಿ ಹಿಡಿದಿತ್ತು. ನೆಲಕ್ಕೂ ಅದಕ್ಕೂ ನಡುವೆ ನಾಲ್ಕು ಬೆರಳಿನಷ್ಟು ಜಾಗ ಉಳಿದಿತ್ತು. ಎಲೆಗಳು ಅಂಗೈಗೆ ಇಳಿದಿದ್ದವು. ರಕ್ತ ಒಂದು ಎಲೆಯ ಬಾಗಿನಲ್ಲಿ ಇಳಿದು, ಅಂಚಿನಲ್ಲಿ ನಿಂತು, ತೊಟ್ಟಿಕ್ಕಿತು. ಅವ್ವಣ್ಣ ಹಲ್ಲು ಕಚ್ಚಿದ್ದ, ಬಿಟ್ಟಿರಲಿಲ್ಲ.

ವಿನೀತ ಓಡಿ ಬಂದು ಅದನ್ನು ಮೆಲ್ಲಗೆ ಬಿಡಿಸಿಕೊಂಡ. ಬಿಸಿಲಿಗೆ ಹಿಡಿದು ಎಲೆ ಎಲೆಯನ್ನೂ ತಿರುಗಿಸಿ ನೋಡಿದ. "ನೆಲ ಮುಟ್ತಾ?"

"ಇಲ್ರಿ. ನೆಲಕ್ಕ ಬಿಟ್ಟಿಲ್ರಿ."

"ನಿಜ ಹೇಳಿ. ಒಂಚೂರೂ ಮುಟ್ಲಿಲ್ಲ?"

"ನನ್ನ ಹೆಂಡ್ತಿ ಮಕ್ಕಳ ಆಣಿರಿ. ಕೈ ನೋಡ್ರಿ ಬೇಕಾದ್ರ," ಎಂದು ಅವ್ವಣ್ಣ ಅಂಗೈ ಎತ್ತಿ ತೋರಿಸಿದ.

ದಿಗಂಬರ ಸರ್ ಬಾಗಿಲಿನಿಂದ ಎಲ್ಲ ನೋಡಿದ್ದರು. ಬಂದವರೇ ಚನ್ನವೀರನನ್ನು ಒಂದು ಸಲ ನೋಡಿ, ಅವ್ವಣ್ಣನ ಹೆಗಲ ಮೇಲೆ ಕೈಯಿಟ್ಟರು. "ಶಾಬಾಸ್. ಇವತ್ತ ನನ್ನ ಮರ್ಯಾದಿ ಉಳಿಸಿದೆಪಾ ನೀ. ಆಗಿಂದು ಮನಸಿನಾಗ ಇಟ್ಕೋಬ್ಯಾಡ. ನಾಳಿ ಬಾ. ಮೊದ್ಲ ಪಟ್ಟಿ ಕಟ್ಟಿಸು." ವಿನೀತ ಕರವಸ್ತ್ರದಿಂದ ರಕ್ತ ಒರೆಸಿ ಪೀಸನ್ನು ಫೋಮಿನಲ್ಲಿ ಕೂರಿಸಿ ಡಬ್ಬಿ ಮುಚ್ಚಿದ. ಮೂರನೇ ಪೀಸು ಒಡೆದ ವೇಗ ಎಷ್ಟೆಂದು ಬರೆದು ಕಳಿಸಿದರೆ ಸಾಕು, ತಾನು ಕಾಯುವುದಿಲ್ಲ ಎಂದ. ಅವನ ಧ್ವನಿ ಬದಲಾಗಿತ್ತು. ಇಷ್ಟು ಜತನ ಮಾಡುವ ಜನರನ್ನು ಅನುಮಾನಿಸಿದೆನಲ್ಲ ಎಂಬ ಮುಜುಗರ ಅದರಲ್ಲಿತ್ತು. "ಅವ್ವಣ್ಣ ಅವರೇ, ತುಂಬಾ ಥ್ಯಾಂಕ್ಸ್. ಎಂಜಿನ್ ಓಡಿದ ದಿನ ನಿಮಗೇ ಮೊದಲು ವಿಡಿಯೊ ಕಳಿಸ್ತೀನಿ," ಎಂದು ಕಾರು ಹತ್ತಿದ.

ಕಾರು ಗೇಟು ದಾಟಿತು. ಸರ್ ಒಳಗೆ ಹೋದರು. ಚನ್ನವೀರ ಔಷಧಿ ಡಬ್ಬಿ ತಂದು, ಶೆಡ್ಡಿನ ನೆರಳಿನಲ್ಲಿ ಅವ್ವಣ್ಣನ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ಅಂಗೈಗೆ ಹತ್ತಿ ಒತ್ತಿ ಹಿಡಿದ. ಗಾಯ ಮೂರು ಗೆರೆ ಇತ್ತು, ನಡುವಿನದು ಆಳ. ಹತ್ತಿ ನೆನೆಯಿತು, ಇನ್ನೊಂದು ಇಟ್ಟ. ಅವ್ವಣ್ಣ ಕೈ ಕೊಟ್ಟು ಬೇರೆ ಕಡೆ ನೋಡುತ್ತಾ ಕೂತಿದ್ದ.

"ಯಾಕ ಬಿಟ್ರಿ ಸರ?"

"ಜಾರ್ತು."

"ಜಾರಲಿಲ್ರಿ. ನಾ ಪಕ್ಕದಾಗ ಇದ್ನಿ."

ಚನ್ನವೀರ ಪಟ್ಟಿ ಸುತ್ತಿದ. ಒಂದು ಸುತ್ತು, ಎರಡು ಸುತ್ತು. ಮೂರನೇ ಸುತ್ತಿಗೆ ಅವ್ವಣ್ಣ ಅವನ ಕಡೆ ತಿರುಗಿದ. ಸಿಟ್ಟಿರಲಿಲ್ಲ ಮುಖದಲ್ಲಿ. ಲೆಕ್ಕ ತಪ್ಪಿದ ಕೆಲಸವನ್ನು ನೋಡುವಾಗಿನ ಮುಖ.

"ಒಂದ ಮಾತು ಮೊದ್ಲ ಹೇಳಬೇಕಿತ್ರಿ ನನಗ," ಎಂದ. "ನಾ ಕೈ ಒಡ್ಡತಿದ್ದಿಲ್ಲ."

ಒಳಗಿನಿಂದ ಸರ್ ಕೂಗಿದರು, ಮೂರನೇ ಪೀಸನ್ನು ಗುಂಡಿಯೊಳಗೆ ಕಟ್ಟಬೇಕಿತ್ತು. ಬೇಡವೆಂದರೂ ಕೇಳದೆ ಅವ್ವಣ್ಣ ಎದ್ದು ಹೋದ. ನಾಳೆ ಬಾ ಎಂದವರ ಎದುರಿಗೆ ಇವತ್ತು ಕೂರಲು ಅವನು ತಯಾರಿರಲಿಲ್ಲ. ಮುಚ್ಚಳ ಇಳಿಯಿತು. ಹದಿನಾರು ಬೋಲ್ಟು. ಅವ್ವಣ್ಣನಿಗೆ ಒಂದೇ ಕೈ ಬಳಸಲು ಆಗುತ್ತಿದ್ದುದರಿಂದ ಅವನು ಬೋಲ್ಟು ಕೂರಿಸುತ್ತಾ ಹೋದ, ಚನ್ನವೀರ ಅವನ ಹಿಂದೆ ಪಾನಾ ಹಿಡಿದು ಬಿಗಿಯುತ್ತಾ ಹೋದ. ವಿನೀತನ ಕಾರು ಇನ್ನೂ ನಾಶಿಕ್ ಫಾಟಾದ ಕೂಡುರಸ್ತೆ ದಾಟಿರಲಾರದು, ಅಲ್ಲಿ ಈ ಹೊತ್ತಿನಲ್ಲಿ ಯಾವ ಕಾರೂ ಬೇಗ ದಾಟುವುದಿಲ್ಲ. ಚನ್ನವೀರನ ಜೇಬಿನಲ್ಲಿ ಫೋನಿತ್ತು, ಅದರಲ್ಲಿ ವಿನೀತನ ನಂಬರೂ ಇತ್ತು. ಅವನು ಒಂಬತ್ತನೇ ಬೋಲ್ಟಿಗೆ ಪಾನಾ ಹಾಕಿ ತಿರುವಿದ, ಆಮೇಲೆ ಹತ್ತನೆಯದಕ್ಕೆ.